ಹೆಸರು ಸಿಕ್ಕಿತು, ಮನೆ ಸಿಗಲಿಲ್ಲ: ಕೋರ್ಬಾ ಒಂದು ಕಂಪ್ಯೂಟರಿನಿಂದ ಮೂರಕ್ಕೆ ಹೋದ ಬಗೆ

ಸಕಲೇಶಪುರದ ಡಿಪೋದಲ್ಲಿ ಕಾಫಿ ಮೂಟೆ ತಕ್ಕಡಿಯ ಮೇಲೆ ಕುಳಿತ ಕೂಡಲೇ ಅದರ ತೂಕ ಹಾಸನದ ಕ್ಯೂರಿಂಗ್ ವರ್ಕ್ಸ್ ಕಚೇರಿಯ ಪರದೆಯಲ್ಲಿ ಕಾಣಬೇಕು. ಮೂಡಿಗೆರೆಯ ಡಿಪೋದಿಂದಲೂ ಹಾಗೆಯೇ. ಮಾಲೀಕರು ಕೇಳಿದ್ದು ಇಷ್ಟೇ. ತಕ್ಕಡಿಯೊಂದಿಗೆ ಮಾತಾಡುವ ಪ್ರೋಗ್ರಾಂ ಹಳೆಯದು, ಸಿ++ನಲ್ಲಿ ಬರೆದದ್ದು. ಬರೆದವರು ಊರು ಬಿಟ್ಟು ವರ್ಷಗಳಾಗಿವೆ. ಕಚೇರಿಯ ಲೆಕ್ಕದ ಪ್ರೋಗ್ರಾಂ ಪೈಥಾನ್‌ನಲ್ಲಿದೆ, ಅದರ ಪಾಲಕ ನಾನು. ಹಳೆಯ ಪ್ರೋಗ್ರಾಂ ಹೊರಗಿನವರೊಂದಿಗೆ ಆಡುವ ಭಾಷೆ ಒಂದೇ: ಕೋರ್ಬಾ, ಬೇರೆ ಬೇರೆ ಕಂಪ್ಯೂಟರುಗಳ ಪ್ರೋಗ್ರಾಂಗಳು ಒಂದನ್ನೊಂದು ಮಾತಾಡಿಸಲು ಮಾಡಿದ ಹಳೆಯ ನಿಯಮಾವಳಿ. ಅದನ್ನು ಹೊಸದಾಗಿ ಬರೆಯುವಷ್ಟು ಹಣವಾಗಲಿ ಸಮಯವಾಗಲಿ ಯಾರ ಬಳಿಯೂ ಇರಲಿಲ್ಲ. ಕುಯಿಲು ಎದುರಿಗೇ ನಿಂತಿತ್ತು.

ಇನ್‌ಸ್ಟಾಲ್ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಹಾಸನಕ್ಕೂ ಸಕಲೇಶಪುರಕ್ಕೂ ಮಾತು ಕುದುರಲು ಮೂರು ದಿನ. ಆ ಮೂರು ದಿನ ಎಲ್ಲಿ ಹೋಯಿತು ಎಂದು ವಿವರಿಸಿದರೆ ಈ ತಂತ್ರಜ್ಞಾನದ ಮುಕ್ಕಾಲು ಪಾಲು ವಿವರಿಸಿದಂತೆಯೇ.

ಒಂದೇ ಪ್ರೋಗ್ರಾಮಿನ ಒಳಗೆ ಒಂದು ಆಬ್ಜೆಕ್ಟನ್ನು, ಅಂದರೆ ತನ್ನ ಮಾಹಿತಿಯನ್ನೂ ಕೆಲಸವನ್ನೂ ತಾನೇ ಇಟ್ಟುಕೊಂಡ ಪ್ರೋಗ್ರಾಮಿನ ತುಣುಕನ್ನು, ‘ತೂಕ ಎಷ್ಟು?’ ಎಂದು ಕೇಳುವುದು ಎದುರು ಕುರ್ಚಿಯವರನ್ನು ಕೇಳಿದಂತೆ. ಕೇಳುವವರು ಹಾಸನದಲ್ಲಿ, ಹೇಳುವವರು ಸುಮಾರು 40 ಕಿಲೋಮೀಟರ್ ಆಚೆ ಸಕಲೇಶಪುರದಲ್ಲಿ ಇದ್ದರೆ ಪ್ರಶ್ನೆಯನ್ನು ಯಾರಾದರೂ ಬರೆದುಕೊಳ್ಳಬೇಕು, ಕಟ್ಟಬೇಕು, ಕಳುಹಿಸಬೇಕು, ಆ ಕಡೆ ಬಿಚ್ಚಿ ಓದಬೇಕು, ಉತ್ತರವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತರಬೇಕು. ಈ ಕಟ್ಟುವ ಬಿಚ್ಚುವ ಕೆಲಸವನ್ನೆಲ್ಲ ತಾನು ವಹಿಸಿಕೊಂಡು, ಪ್ರೋಗ್ರಾಂ ಬರೆಯುವವನಿಗೆ ಆಬ್ಜೆಕ್ಟ್ ಇಲ್ಲೇ ಇದೆ ಎಂಬ ಭ್ರಮೆ ಹುಟ್ಟಿಸುವ ನಡುವಿನ ತಂತ್ರಾಂಶವೇ ಡಿಸ್ಟ್ರಿಬ್ಯೂಟೆಡ್ ಆಬ್ಜೆಕ್ಟ್ ಮಿಡಲ್‌ವೇರ್. ಭ್ರಮೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಎಲ್ಲ ಸರಿಯಿರುವಷ್ಟು ಹೊತ್ತು ಅದು ಬಹಳ ಚೆನ್ನಾಗಿರುತ್ತದೆ.

ಈ ಕೆಲಸಕ್ಕೆ ಒಂದು ಸಾಮಾನ್ಯ ನಿಯಮಾವಳಿ ಇರಲಿ ಎಂದು 1989ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಒಕ್ಕೂಟ ಹುಟ್ಟಿತು. 1991ರಲ್ಲಿ ಕೋರ್ಬಾದ ಮೊದಲ ಆವೃತ್ತಿ ಬಂತು. ಒಬ್ಬರು ಮಾಡಿದ ತಂತ್ರಾಂಶ ಇನ್ನೊಬ್ಬರು ಮಾಡಿದ್ದರೊಂದಿಗೆ ಮಾತಾಡಲು ಬೇಕಾದ ತಂತಿಯ ಮೇಲಿನ ಭಾಷೆ, ಐಐಓಪಿ, ಸೇರಿದ್ದು 1996ರ ಎರಡನೆಯ ಆವೃತ್ತಿಯಲ್ಲಿ. ಈಗ ಇದರ ಹೆಸರೆತ್ತಿದರೆ ಹೊಸ ಹುಡುಗರು ಮೂಗು ಮುರಿಯುತ್ತಾರೆ. 2018ರಲ್ಲಿ ಬಂದ ಜಾವಾ 11 ತನ್ನ ಹೊಟ್ಟೆಯಲ್ಲಿದ್ದ ಕೋರ್ಬಾವನ್ನು ಕಿತ್ತು ಹೊರಗಿಟ್ಟಿತು. ಆದರೂ ಚಿಲಿಯ ಅಟಕಾಮ ಮರುಭೂಮಿಯ ಆಲ್ಮಾ ದೂರದರ್ಶಕದ ತಂತ್ರಾಂಶ ಇದರ ಮೇಲೆಯೇ ಕಟ್ಟಿದ್ದು. ಫ್ರಾನ್ಸಿನ ಗ್ರನೋಬ್ಲ್‌ನ ಸಿಂಕ್ರೋಟ್ರಾನ್ ಕೇಂದ್ರದಲ್ಲಿ ಹುಟ್ಟಿದ ಟ್ಯಾಂಗೋ ಎಂಬ ನಿಯಂತ್ರಣ ವ್ಯವಸ್ಥೆಯೂ ಅಷ್ಟೆ. ಅವರ ಸಾಲಿನಲ್ಲಿ ನಮ್ಮ ಮೂಟೆಯ ತಕ್ಕಡಿಯೂ ನಿಂತಿದೆ ಎಂದು ನಾನು ಸಮಾಧಾನಪಟ್ಟುಕೊಂಡೆ.

ಕೋರ್ಬಾ ನಿಯಮಾವಳಿಯಂತೆ ಮಾಡಿದ ತಂತ್ರಾಂಶಗಳಲ್ಲಿ ನಾವು ಬಳಸಿದ್ದು ಓಮ್ನಿಓಆರ್‌ಬಿ. ಕೇಂಬ್ರಿಡ್ಜ್‌ನ ಓಲಿವೆಟ್ಟಿ ಸಂಶೋಧನಾಲಯದಲ್ಲಿ ಹುಟ್ಟಿದ್ದು, ಮುಕ್ತ ತಂತ್ರಾಂಶ, ಸಿ++ ಮತ್ತು ಪೈಥಾನ್ ಎರಡಕ್ಕೂ ಒದಗುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತದೆ. ಬೇಕಾದವು ನಾಲ್ಕು: ಓಡುವಾಗ ಬೇಕಾಗುವ ಲೈಬ್ರರಿ, ಐಡಿಎಲ್ ಕಂಪೈಲರ್, ಓಮ್ನಿನೇಮ್ಸ್ ಎಂಬ ನೇಮಿಂಗ್ ಸರ್ವಿಸ್, ಪೈಥಾನ್‌ಗೆ ಬೇಕಾದ ಜೋಡಣೆ. ಕೊನೆಯದನ್ನು ಮೂಲ ಸಂಕೇತದಿಂದ ಕಂಪೈಲ್ ಮಾಡುವುದಾದರೆ ಅದರ ಆವೃತ್ತಿಯೂ ಲೈಬ್ರರಿಯ ಆವೃತ್ತಿಯೂ ಜೋಡಿಯಾಗಿರಬೇಕು. ಒಂದು ಹೊಸದು, ಒಂದು ಹಳೆಯದು ಎಂದು ಹಾಕಿಕೊಂಡರೆ ಕಂಪೈಲ್ ಹಂತದಲ್ಲೇ ಜಗಳ ಶುರುವಾಗುತ್ತದೆ. ಇನ್‌ಸ್ಟಾಲ್ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಐಡಿಎಲ್ ಎಂದರೆ ಎರಡೂ ಕಡೆಯವರು ಸಹಿ ಹಾಕುವ ಕರಾರು ಪತ್ರ ಎಂದುಕೊಳ್ಳಿ. ನಮ್ಮದು ಒಂದು ಪುಟ ಕೂಡ ಇಲ್ಲ. ಅದರಲ್ಲಿ ನಾನು ಮೊದಲು ಬಳಸಿದ್ದು ‘ತಕ್ಕಡಿ’ ಎಂಬ ಇಂಟರ್‌ಫೇಸ್; ಅದರೊಳಗೆ ಮೂಟೆಯ ತೂಕ ಕೇಳುವ ಒಂದು ಕರೆ, ತೇವಾಂಶ ಕೇಳುವ ಒಂದು ಕರೆ, ತೂಕದ ಚೀಟಿ ದಾಖಲಿಸುವ ಒಂದು ಕರೆ. ತೂಕ ಯಾವ ಬಗೆಯ ಸಂಖ್ಯೆ, ಬೆಳೆಗಾರರ ಹೆಸರು ಯಾವ ಬಗೆಯ ಅಕ್ಷರಮಾಲೆ, ತಪ್ಪಾದರೆ ಯಾವ ದೋಷ ತಿಳಿಸಬೇಕು ಎಂಬುದೆಲ್ಲ ಅಲ್ಲೇ ಬರೆದಿರುತ್ತದೆ. ಕೆಲಸ ಹೇಗೆ ಮಾಡಬೇಕು ಎಂಬುದರ ಸೊಲ್ಲೇ ಇರುವುದಿಲ್ಲ. ಈ ಫೈಲನ್ನು ಕಂಪೈಲರ್‌ಗೆ ಕೊಟ್ಟರೆ ಅದು ಎರಡು ತುಂಡು ಮಾಡಿಕೊಡುತ್ತದೆ. ಕೇಳುವವನ ಕಡೆ ಕೂರುವುದು ಸ್ಟಬ್. ನೋಡಲು ತಕ್ಕಡಿಯಂತೆಯೇ ಇರುತ್ತದೆ, ಒಳಗೆ ತೂಗುವುದೇನೂ ಇಲ್ಲ, ಕೇಳಿದ್ದನ್ನು ಕಟ್ಟಿ ಕಳುಹಿಸುತ್ತದೆ. ಹೇಳುವವನ ಕಡೆ ಕೂರುವುದು ಸ್ಕೆಲಿಟನ್. ಬಂದದ್ದನ್ನು ಬಿಚ್ಚಿ ನಿಜವಾದ ತಕ್ಕಡಿಯ ಕೋಡಿಗೆ ಒಪ್ಪಿಸುತ್ತದೆ. ಸಿ++ಗೆ ಬೇರೆ ತುಂಡು, ಪೈಥಾನ್‌ಗೆ ಬೇರೆ ತುಂಡು, ಕರಾರು ಮಾತ್ರ ಒಂದೇ. ಹಳೆಯ ಪ್ರೋಗ್ರಾಮಿನ ಮೂಲ ಸಂಕೇತ ಕಳೆದುಹೋಗಿದ್ದರೂ ಪರವಾಗಿಲ್ಲ, ಐಡಿಎಲ್ ಫೈಲ್ ಉಳಿದಿದ್ದರೆ ಸಾಕು. ನಮಗೆ ಅದು ಒಂದು ಹಳೆಯ ಸಿಡಿಯಲ್ಲಿ ಸಿಕ್ಕಿತು.

ಹ್ಯಾಂಡ್‌ಪೋಸ್ಟ್‌ನ ಅಂಗಡಿ

ಈಗ ಮುಖ್ಯ ಪ್ರಶ್ನೆ. ಹಾಸನದ ಸ್ಟಬ್‌ಗೆ ಸಕಲೇಶಪುರದ ಆಬ್ಜೆಕ್ಟ್ ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ?

ಮಲೆನಾಡಿನಲ್ಲಿ ಯಾರದಾದರೂ ಮನೆ ಹುಡುಕಿಕೊಂಡು ಹೋದವರಿಗೆ ಇದು ಗೊತ್ತು. ಬಾಗಿಲ ಸಂಖ್ಯೆ, ಅಡ್ಡರಸ್ತೆ ಎಂಬುದೇನೂ ಇರುವುದಿಲ್ಲ. ತೋಟದ ನಡುವೆ ಒಂದೊಂದು ಮನೆ. ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದು ಅಲ್ಲಿನ ಅಂಗಡಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ನೇಮಿಂಗ್ ಸರ್ವಿಸ್ ಎಂದರೆ ಈ ಅಂಗಡಿಯೇ. ಅಂಗಡಿ ಎಲ್ಲಿದೆ ಎಂಬುದೊಂದು ಎಲ್ಲರಿಗೂ ಮೊದಲೇ ಗೊತ್ತಿರಬೇಕು, ಅದಕ್ಕಾಗಿಯೇ 2809 ಎಂಬ ಪೋರ್ಟ್ (ಕಂಪ್ಯೂಟರಿನ ಒಳಗೆ ಹೋಗುವ, ಸಂಖ್ಯೆ ಹಾಕಿದ ಬಾಗಿಲು) ಮೀಸಲಾಗಿದೆ. ಸರ್ವರ್, ಅಂದರೆ ಉತ್ತರ ಹೇಳುವ ಕಡೆಯ ಪ್ರೋಗ್ರಾಂ, ಎದ್ದಾಗ ತನ್ನ ವಿಳಾಸದ ಚೀಟಿಯನ್ನು ‘ಸಕಲೇಶಪುರ ತಕ್ಕಡಿ’ ಎಂಬ ಹೆಸರಿನಡಿ ಅಂಗಡಿಯಲ್ಲಿ ಕೊಟ್ಟಿರುತ್ತದೆ. ಕ್ಲೈಂಟ್, ಅಂದರೆ ಕೇಳುವ ಕಡೆಯ ಪ್ರೋಗ್ರಾಂ, ಬಂದು ಹೆಸರು ಹೇಳಿ ಚೀಟಿ ಪಡೆಯುತ್ತದೆ. ಆಮೇಲೆ ಅಂಗಡಿಯ ಹಂಗಿಲ್ಲ, ಕ್ಲೈಂಟ್ ನೇರವಾಗಿ ಮನೆಗೇ ಹೋಗುತ್ತದೆ.

ಈ ಚೀಟಿಗೆ ಐಓಆರ್ ಎಂದು ಹೆಸರು. ನೋಡಲು ಭಯಂಕರವಾಗಿರುತ್ತದೆ: ಐಓಆರ್ ಎಂಬ ಮೂರಕ್ಷರ, ಒಂದು ವಿಸರ್ಗದಂಥ ಚಿಹ್ನೆ, ಆಮೇಲೆ ನೂರಾರು ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿಗಳು. ಒಳಗಿರುವುದು ಮುಖ್ಯವಾಗಿ ನಾಲ್ಕು ಸಂಗತಿ: ಯಾವ ಇಂಟರ್‌ಫೇಸ್, ಯಾವ ಐಪಿ ವಿಳಾಸ, ಯಾವ ಪೋರ್ಟ್, ಆ ಪೋರ್ಟಿನ ಹಿಂದಿರುವ ಆಬ್ಜೆಕ್ಟುಗಳಲ್ಲಿ ಯಾವುದು. ಓಮ್ನಿಓಆರ್‌ಬಿ ಜೊತೆಗೇ ಬರುವ ಕ್ಯಾಟ್‌ಐಓಆರ್ ಎಂಬ ಪುಟ್ಟ ಸಲಕರಣೆಗೆ ಇದನ್ನು ಕೊಟ್ಟರೆ ಬಿಡಿಸಿ ಓದಿ ಹೇಳುತ್ತದೆ. ಈ ಸಲಕರಣೆಯ ಹೆಸರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ನಾನು ಮೂರನೆಯ ದಿನ ಬರೆದೆ.

ಒಂದೇ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮೊದಲು ಓಡಿಸಿ ನೋಡುವುದು ರೂಢಿ, ಒಳ್ಳೆಯದೂ ಹೌದು. ಓಮ್ನಿನೇಮ್ಸ್ ಅನ್ನು ಕೈಯಾರೆ ಎಬ್ಬಿಸುವುದಾದರೆ ಮೊದಲ ಸಲ ‘ಸ್ಟಾರ್ಟ್’ ಎಂಬ ಆಯ್ಕೆ ಕೊಟ್ಟು, ಬೇರೆ ಪೋರ್ಟ್ ಬೇಕಿದ್ದರೆ ಅದನ್ನೂ ಹೇಳಿ ಎಬ್ಬಿಸಬೇಕು. ಆಮೇಲೆ ಅದು ತನ್ನ ದಾಖಲೆಯಿಂದಲೇ ನೆನಪಿಟ್ಟುಕೊಳ್ಳುತ್ತದೆ. ದಾಖಲೆ ಇಡುವ ಡೈರೆಕ್ಟರಿಗೆ ಬರೆಯುವ ಅನುಮತಿ ಇಲ್ಲದಿದ್ದರೆ ಏಳುವುದಿಲ್ಲ. ಆ ದಾಖಲೆಯ ಫೈಲಿನ ಹೆಸರಿನಲ್ಲಿ ಕಂಪ್ಯೂಟರಿನ ಹೆಸರೂ ಸೇರಿರುತ್ತದೆ, ಆದ್ದರಿಂದ ನಡುವೆ ಕಂಪ್ಯೂಟರಿನ ಹೆಸರು ಬದಲಾಯಿಸಿದರೆ ಅಂಗಡಿಯವನಿಗೆ ಮರೆವು ಬಡಿದಂತಾಗಿ ಚೀಟಿಗಳೆಲ್ಲ ಮಾಯ. ನಂತರ ಇಟಿಸಿ ಡೈರೆಕ್ಟರಿಯಲ್ಲಿರುವ ಸಂರಚನಾ ಫೈಲಿನಲ್ಲಿ ಇನಿಟ್‌ರೆಫ್ ಎಂಬ ಸಾಲಿಗೆ ನೇಮಿಂಗ್ ಸರ್ವಿಸ್ ಇದೇ ಕಂಪ್ಯೂಟರಿನಲ್ಲಿದೆ ಎಂದು ತಿಳಿಸಬೇಕು. ಅಷ್ಟು ಮಾಡಿ, ಸರ್ವರ್ ಎಬ್ಬಿಸಿ, ನೇಮ್‌ಸಿಎಲ್‌ಟಿ ಎಂಬ ಇನ್ನೊಂದು ಸಲಕರಣೆಯಿಂದ ಪಟ್ಟಿ ಕೇಳಿದರೆ ಹೆಸರು ಕಾಣುತ್ತದೆ. ಕ್ಲೈಂಟ್ ಓಡಿಸಿದರೆ ತೂಕ ಬರುತ್ತದೆ. ಬಂತು. ಬಹಳ ಸಂತೋಷವಾಯಿತು. ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸಿದೆ; ‘ಈ ಹೆಸರು ಆಗಲೇ ಇದೆ’ ಎಂದು ನೇಮಿಂಗ್ ಸರ್ವಿಸ್ ತಕರಾರು ಎತ್ತಿತು. ಇದಕ್ಕೆ ಮದ್ದು ಸುಲಭ. ಹೆಸರು ನೋಂದಾಯಿಸುವಾಗ ಬೈಂಡ್ ಎನ್ನದೆ ರೀಬೈಂಡ್ ಎನ್ನಬೇಕು; ಹಳೆಯ ಚೀಟಿ ಇದ್ದರೆ ಹರಿದು ಹೊಸದು ಇಡುತ್ತದೆ.

ಎರಡನೆಯ ಕಂಪ್ಯೂಟರ್

ಸಕಲೇಶಪುರದ ಕಂಪ್ಯೂಟರಿಗೂ ಹಾಸನದ್ದಕ್ಕೂ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ (ಇಂಟರ್‌ನೆಟ್ಟಿನೊಳಗೆ ಗೂಢಲಿಪಿಯ ಖಾಸಗಿ ದಾರಿ) ಹಾಕಿದೆ. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು: ಕೋರ್ಬಾದ ಸಾಮಾನ್ಯ ಸಂದೇಶಗಳಿಗೆ ಗೂಢಲಿಪಿಯಿಲ್ಲ, ಓಮ್ನಿನೇಮ್ಸ್ ಬಂದವರ ಗುರುತು ಕೇಳುವುದಿಲ್ಲ. 2809ನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ದಾರಿಹೋಕನೂ ಬಂದು ನಮ್ಮ ತಕ್ಕಡಿಯ ಹೆಸರಿನಲ್ಲಿ ತನ್ನ ಚೀಟಿ ಇಟ್ಟು ಹೋಗಬಹುದು. ಸುರಂಗದೊಳಗೆ ಹಾಸನದ ಕಂಪ್ಯೂಟರ್ 10.8.0.1, ಸಕಲೇಶಪುರದ್ದು 10.8.0.2. ನೇಮಿಂಗ್ ಸರ್ವಿಸ್ ಹಾಸನದಲ್ಲಿ. ಸಕಲೇಶಪುರದ ಸಂರಚನಾ ಫೈಲಿನಲ್ಲಿ ಇನಿಟ್‌ರೆಫ್ ಸಾಲನ್ನು ಹಾಸನಕ್ಕೆ ತಿರುಗಿಸಿದೆ. ಸರ್ವರ್ ಎದ್ದಿತು. ಹಾಸನದಲ್ಲಿ ಪಟ್ಟಿ ಕೇಳಿದರೆ ‘ಸಕಲೇಶಪುರ ತಕ್ಕಡಿ’ ಚೆನ್ನಾಗಿ ಕಾಣುತ್ತಿದೆ. ತೂಕ ಕೇಳಿದರೆ ಟ್ರಾನ್ಸಿಯೆಂಟ್ ಎಂಬ ದೋಷ. ತಡವೂ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ದೋಷ.

ಟ್ರಾನ್ಸಿಯೆಂಟ್ ಎಂದರೆ ಈಗಷ್ಟೇ ಆಗುತ್ತಿಲ್ಲ, ಆಮೇಲೆ ಆಗಬಹುದು ಎಂದರ್ಥ. ಹೆಸರಿನ ಸೌಮ್ಯತೆಗೆ ಮರುಳಾಗಿ ಆಮೇಲೆ, ಇನ್ನೂ ಆಮೇಲೆ ಎಂದು ಒಂದು ದಿನ ಕಳೆದೆ. ಎರಡನೆಯ ದಿನ ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲುಗಾರ ಫೈರ್‌ವಾಲ್ ಮೇಲೆ ಅನುಮಾನಪಟ್ಟು ಅದನ್ನು ಪೂರ್ತಿ ತೆಗೆದು ನೋಡಿದೆ. ಅದೇ ದೋಷ, ಅಷ್ಟೇ ಬೇಗ. ಸುರಂಗದಲ್ಲಿ ಪಿಂಗ್ (ಆ ಕಡೆ ತಲುಪುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಸರಿಯಾಗಿ ಹೋಗಿಬರುತ್ತಿದೆ. ನೇಮಿಂಗ್ ಸರ್ವಿಸ್‌ಗೆ ಸಕಲೇಶಪುರದಿಂದ ಹೆಸರು ಬಂದು ಸೇರುತ್ತಿದೆ. ಅಂದರೆ ಆ ಕಡೆಯಿಂದ ಈ ಕಡೆಗೆ ದಾರಿ ಇದೆ. ಈ ಕಡೆಯಿಂದ ಆ ಕಡೆಗೆ ಯಾಕಿಲ್ಲ?

ಮೂರನೆಯ ದಿನ ಚೀಟಿಯನ್ನು ಕ್ಯಾಟ್‌ಐಓಆರ್‌ಗೆ ಕೊಟ್ಟೆ. ಅದರ ಮೇಲೆ ಬರೆದಿದ್ದ ವಿಳಾಸ 10.8.0.2 ಅಲ್ಲ, 192.168.1.5.

ಸಕಲೇಶಪುರದ ಕಂಪ್ಯೂಟರಿಗೆ ಎರಡು ವಿಳಾಸಗಳಿವೆ: ಡಿಪೋದ ಒಳಜಾಲದಲ್ಲಿ 192.168.1.5, ಸುರಂಗದಲ್ಲಿ 10.8.0.2. ನಿನ್ನ ವಿಳಾಸ ಬರೆ ಎಂದರೆ ಓಮ್ನಿಓಆರ್‌ಬಿ ತನಗೆ ಮೊದಲು ಕಂಡ ವಿಳಾಸವನ್ನು ಬರೆಯಿತು. ಡಿಪೋದೊಳಗೆ ಅದು ಸುಳ್ಳಲ್ಲ. ಹಾಸನಕ್ಕೆ ಬಂದರೆ ಸುಳ್ಳು. ಇನ್ನೂ ಸ್ವಾರಸ್ಯವೆಂದರೆ ಹಾಸನದ ಕಚೇರಿಯ ಒಳಜಾಲವೂ 192.168.1 ಸರಣಿಯದೇ, ಅಂಗಡಿಯಿಂದ ತಂದ ರೌಟರ್‌ಗಳಲ್ಲಿ ಇದೇ ಸರಣಿ ಬಹಳ ಸಾಮಾನ್ಯ. ನಮ್ಮ ಕಚೇರಿಯ 192.168.1.5 ಯಾರು ಎಂದು ಹುಡುಕಿದರೆ ಮೂಲೆಯಲ್ಲಿದ್ದ ಪ್ರಿಂಟರ್. ಎರಡೂವರೆ ದಿನ ನಾನು ಸಕಲೇಶಪುರದ ಕಾಫಿಯ ತೂಕವನ್ನು ಹಾಸನದ ಪ್ರಿಂಟರನ್ನು ಕೇಳುತ್ತಿದ್ದೆ. ಪಾಪ, ಅದು ಪ್ರತಿ ಸಲವೂ ಕೂಡಲೇ ‘ಇಲ್ಲ’ ಎನ್ನುತ್ತಿತ್ತು. ದೋಷ ಅಷ್ಟು ಬೇಗ ಬರುತ್ತಿದ್ದದ್ದು ಅದಕ್ಕೇ.

ವಿಳಾಸ ಬರೆಯುವುದು ಮನೆಯವರು, ಅಂಗಡಿಯವನಲ್ಲ. ಅಂಗಡಿಯವನು ಚೀಟಿಯನ್ನು ಓದುವುದಿಲ್ಲ, ಸರಿಯಿದೆಯೇ ಎಂದು ಹೋಗಿ ನೋಡುವುದೂ ಇಲ್ಲ. ನೇಮಿಂಗ್ ಸರ್ವಿಸ್ ಪಟ್ಟಿಯಲ್ಲಿ ಹೆಸರು ಕಂಡಿತೆಂದರೆ ಯಾರೋ ಚೀಟಿ ಕೊಟ್ಟುಹೋಗಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ಹೆಸರು ಸಿಗುವುದು ಒಂದು ಪರೀಕ್ಷೆ, ಮನೆ ಸಿಗುವುದು ಇನ್ನೊಂದು. ನಾನು ಒಂದನ್ನು ಪಾಸು ಮಾಡಿ ಎರಡನ್ನೂ ಮಾಡಿದೆನೆಂದುಕೊಂಡಿದ್ದೆ.

ಪರಿಹಾರ ಒಂದು ಸಾಲು. ಎಂಡ್‌ಪಾಯಿಂಟ್‌ಪಬ್ಲಿಶ್ ಎಂಬ ಸೆಟ್ಟಿಂಗಿನಲ್ಲಿ ಚೀಟಿಯ ಮೇಲೆ ಯಾವ ವಿಳಾಸ ಬರೆಯಬೇಕು ಎಂದು ಹೇಳಬಹುದು. ಅದರ ಜೋಡಿ ಸೆಟ್ಟಿಂಗ್ ಎಂಡ್‌ಪಾಯಿಂಟ್, ನಿಜವಾಗಿ ಯಾವ ಪೋರ್ಟಿನಲ್ಲಿ ಕಿವಿಗೊಟ್ಟು ಕೂರಬೇಕು ಎನ್ನುವುದಕ್ಕೆ. ಏನೂ ಹೇಳದಿದ್ದರೆ ಸರ್ವರ್ ಪ್ರತಿ ಸಲ ಎದ್ದಾಗಲೂ ಖಾಲಿಯಿರುವ ಯಾವುದೋ ಪೋರ್ಟನ್ನು ಹಿಡಿಯುತ್ತದೆ. ಹಾಗಾದರೆ ಫೈರ್‌ವಾಲ್‌ನಲ್ಲಿ ಯಾವ ಬಾಗಿಲು ತೆರೆಯುವುದು? ಆದ್ದರಿಂದ ನಾನು ಪೋರ್ಟನ್ನು 12000 ಎಂದು ಗಟ್ಟಿ ಮಾಡಿ, ವಿಳಾಸವನ್ನು 10.8.0.2 ಎಂದು ಬರೆಸಿ, ಸಕಲೇಶಪುರದ ಫೈರ್‌ವಾಲ್‌ನಲ್ಲಿ ಸುರಂಗದ ಕಡೆಗೆ ಮಾತ್ರ 12000 ತೆರೆದೆ. 2809 ತೆರೆಯಬೇಕಾದದ್ದು ಹಾಸನದಲ್ಲಿ. 2809 ಒಂದನ್ನೇ ತೆರೆದು ‘ಕೋರ್ಬಾ ತೆರೆದಾಯಿತು’ ಎಂದುಕೊಳ್ಳುವವರು ಬಹಳ.

ಇಲ್ಲಿ ಒಂದು ಉಪಗುಂಡಿಯಿದೆ. ಈ ಪೋರ್ಟನ್ನು ಎಲ್ಲರೂ ಓದುವ ಸಂರಚನಾ ಫೈಲಿನಲ್ಲಿ ಬರೆಯಬೇಡಿ. ಬರೆದರೆ ಆ ಕಂಪ್ಯೂಟರಿನ ಪ್ರತಿ ಕೋರ್ಬಾ ಸರ್ವರೂ ಅದೇ 12000ಕ್ಕೆ ಮುಗಿಬೀಳುತ್ತದೆ, ಮೊದಲನೆಯದಕ್ಕೆ ಸಿಗುತ್ತದೆ, ಎರಡನೆಯದು ಏಳುವುದೇ ಇಲ್ಲ. ಕಮಾಂಡ್ ಲೈನಿನಲ್ಲಿ ಕೊಟ್ಟ ಸೆಟ್ಟಿಂಗ್ ಫೈಲಿನದ್ದನ್ನು ಮೀರುತ್ತದೆ, ಆದ್ದರಿಂದ ಒಂದೊಂದು ಸರ್ವರಿಗೆ ಅದರದರ ಪೋರ್ಟನ್ನು ಎಬ್ಬಿಸುವ ಸಾಲಿನಲ್ಲೇ ಕೊಡುವುದು ಲೇಸು. ಹಳೆಯ ಜಾವಾದ ಒಳಗೇ ಇದ್ದ ಓಆರ್‌ಬಿ (ಕೋರ್ಬಾ ತಂತ್ರಾಂಶ) ಬಳಸುವವರಿಗೆ ಇದೇ ರೋಗ ಬೇರೆ ರೂಪದಲ್ಲಿ ಬರುತ್ತದೆ: ಅದು ಕಂಪ್ಯೂಟರಿನ ಸ್ವಂತ ಹೆಸರನ್ನು ನಂಬುತ್ತದೆ, ಡೆಬಿಯನ್ ಉಬುಂಟುಗಳ ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರಿನ ಎದುರು 127.0.1.1, ಅಂದರೆ ‘ಇದೇ ಕಂಪ್ಯೂಟರ್’, ಎಂದಿರುವುದುಂಟು. ಆಗ ಚೀಟಿಯ ಮೇಲೆ ‘ನಾನು ನಿನ್ನೊಳಗೇ ಇದ್ದೇನೆ’ ಎಂದು ವೇದಾಂತ ಬರೆದಿರುತ್ತದೆ.

ದೋಷ ಎಷ್ಟು ಹೊತ್ತಿಗೆ ಬಂತು ಎನ್ನುವುದನ್ನೂ ಗಮನಿಸಿ. ಕೂಡಲೇ ಬಂದರೆ ಆ ವಿಳಾಸದಲ್ಲಿ ಯಾವುದೋ ಕಂಪ್ಯೂಟರ್ ಇದೆ, ಆ ಪೋರ್ಟಿನಲ್ಲಿ ಯಾರೂ ಇಲ್ಲ. ಎರಡು ನಿಮಿಷ ಕಾದು ಬಂದರೆ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿರಬೇಕು, ಇಲ್ಲವೇ ಆ ವಿಳಾಸದಲ್ಲಿ ಯಾರೂ ಇರಲಿಕ್ಕಿಲ್ಲ. ಇಷ್ಟರಲ್ಲಿ ತಿಳಿಯದಿದ್ದರೆ ಟ್ರೇಸ್‌ಲೆವೆಲ್ ಸೆಟ್ಟಿಂಗನ್ನು 25ಕ್ಕೆ ಏರಿಸಿದರೆ ಪ್ರತಿ ಸಂದೇಶ ಹೋದದ್ದು ಬಂದದ್ದು ತೆರೆಯ ಮೇಲೆ ಬರುತ್ತದೆ. 40ಕ್ಕೆ ಏರಿಸಿದರೆ ಸಂದೇಶದ ಕರುಳನ್ನೇ ತೋರಿಸುತ್ತದೆ; ಅಲ್ಲಿಗೆ ಹೋಗುವ ಪ್ರಸಂಗ ನನಗೆ ಒಮ್ಮೆ ಮಾತ್ರ ಬಂತು.

ಅದು ಕನ್ನಡಕ್ಕಾಗಿ. ಬೆಳೆಗಾರರ ಹೆಸರುಗಳು ನಮ್ಮ ಪುಸ್ತಕದಲ್ಲಿ ಕನ್ನಡದಲ್ಲಿವೆ. ತೂಕ ಬರುತ್ತಿತ್ತು, ಹೆಸರು ಕಳುಹಿಸಿದರೆ ಡೇಟಾ ಕನ್ವರ್ಷನ್ ಎಂಬ ದೋಷ. ನಮ್ಮಲ್ಲಿದ್ದ 4.2ನೇ ಆವೃತ್ತಿ ಏನೂ ಹೇಳದಿದ್ದರೆ ಪಶ್ಚಿಮ ಯುರೋಪಿನ ಅಕ್ಷರಗಳ ಐಎಸ್‌ಒ 8859-1 ಎಂಬ ಪಟ್ಟಿಯನ್ನೇ ತನ್ನ ಮಾತೃಲಿಪಿ ಎಂದು ನಂಬುತ್ತದೆ. ಅದರಲ್ಲಿ ‘ಗೌಡ’ ಎಂದು ಬರೆಯಲು ಜಾಗವಿಲ್ಲ. ನೇಟಿವ್‌ಕ್ಯಾರ್‌ಕೋಡ್‌ಸೆಟ್ ಎಂಬ ಸೆಟ್ಟಿಂಗನ್ನು ಯುಟಿಎಫ್-8 ಎಂದು ಎರಡೂ ಕಡೆ ಬದಲಾಯಿಸಿದ ಮೇಲೆ ಸರಿಹೋಯಿತು. ಇಂಗ್ಲಿಷ್ ಹೆಸರುಗಳಿಂದಲೇ ಪರೀಕ್ಷೆ ಮಾಡಿ ಮುಗಿಸಿದ್ದರೆ ಇದು ಕುಯಿಲಿನ ನಡುವೆ, ಲಾರಿಗಳ ಸಾಲಿನೆದುರು ಗೊತ್ತಾಗುತ್ತಿತ್ತು.

ಹಳೆಯ ಚೀಟಿ, ನಿಧಾನದ ಮಾತು

ಡಿಪೋದ ಕಂಪ್ಯೂಟರ್ ದಿನಕ್ಕೊಮ್ಮೆಯಾದರೂ ನಿಂತು ಏಳುತ್ತದೆ. ಹಾಸನದ ಪ್ರೋಗ್ರಾಂ ಬೆಳಿಗ್ಗೆ ಪಡೆದ ಚೀಟಿಯನ್ನು ಕೈಯಲ್ಲೇ ಇಟ್ಟುಕೊಂಡಿರುತ್ತದೆ. ಸರ್ವರ್ ಸತ್ತು ಹುಟ್ಟಿದ ಮೇಲೂ ಆ ಚೀಟಿ ನಡೆಯಬೇಕೇ? ಕೋರ್ಬಾ ಇದನ್ನು ನಮಗೇ ಬಿಟ್ಟಿದೆ. ಆಬ್ಜೆಕ್ಟುಗಳನ್ನು ಸಾಕುವ ಪಿಓಎ ಎಂಬ ಭಾಗಕ್ಕೆ ಆಯಸ್ಸಿನ ನೀತಿ ಎಂಬುದೊಂದಿದೆ. ಸುಮ್ಮನೆ ಬಿಟ್ಟರೆ ಚೀಟಿಯ ಆಯಸ್ಸು ಆ ಓಟದಷ್ಟೇ. ಸರ್ವರ್ ಮತ್ತೆ ಎದ್ದಾಗ ಹಳೆಯ ಚೀಟಿ ಹಿಡಿದು ಹೋದವನಿಗೆ ‘ಅಂಥ ಆಬ್ಜೆಕ್ಟ್ ಇಲ್ಲ’ ಎಂಬ ಉತ್ತರ. ಚೀಟಿ ಬಾಳಬೇಕಾದರೆ ಮೂರೂ ಕೂಡಬೇಕು: ಆಯಸ್ಸಿನ ನೀತಿ ಪರ್ಸಿಸ್ಟೆಂಟ್ ಎಂದಿರಬೇಕು, ಆಬ್ಜೆಕ್ಟಿನ ಗುರುತನ್ನು ನಾವೇ ಕೊಟ್ಟಿರಬೇಕು, ಪೋರ್ಟ್ ಬದಲಾಗಬಾರದು. ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಹಳೆಯ ಸಿ++ ಪ್ರೋಗ್ರಾಮಿನಲ್ಲಿ ಮೊದಲೆರಡನ್ನು ಬದಲಾಯಿಸುವುದು ನನ್ನ ಕೈಯಲ್ಲಿರಲಿಲ್ಲ. ಆದ್ದರಿಂದ ಕರೆ ಸೋತಾಗಲೆಲ್ಲ ಹ್ಯಾಂಡ್‌ಪೋಸ್ಟ್‌ಗೆ ವಾಪಸು ಹೋಗಿ ಹೊಸ ಚೀಟಿ ತರುವಂತೆ ಪೈಥಾನ್ ಕಡೆಯಲ್ಲಿ ಬರೆದೆ. ಒರಟು ಉಪಾಯ, ಆದರೆ ಇಂದಿಗೂ ಅದೇ ನಡೆಯುತ್ತಿದೆ.

ವೇಗದ ಮಾತು. ಹಾಸನದವರಿಗೆ ದೂರದ ಯಂತ್ರದೊಂದಿಗೆ ಮಾತಾಡುವ ವಿದ್ಯೆ ಹೊಸದಲ್ಲ. ಇಲ್ಲಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಸಂಕೇತ ಅಲ್ಲಿಗೆ ಹೋಗಿ ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡು, ಬೆಳಕಿನ ವೇಗಕ್ಕಿಂತ ಬೇಗ ಹೋಗಲು ಯಾರಿಗೂ ಸಾಧ್ಯವಿಲ್ಲ. ಸಕಲೇಶಪುರ ಅಷ್ಟು ದೂರವಿಲ್ಲ ನಿಜ. ಆದರೆ ಇಂಟರ್‌ನೆಟ್ಟಿನ ದಾರಿ ಶಿರಾಡಿ ಘಾಟಿಯ ಹೆದ್ದಾರಿಯನ್ನು ಹಿಡಿದು ಹೋಗುವುದಿಲ್ಲ. ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕವಾದರೆ ಬೆಂಗಳೂರನ್ನೋ ಚೆನ್ನೈಯನ್ನೋ ಸುತ್ತಿ ಬರಬಹುದು. ಒಂದು ಕರೆ ಹೋಗಿ ಬರಲು 60 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ಲೋಡಿನಲ್ಲಿ 50 ಕಿಲೋದ 300 ಮೂಟೆ. ಪ್ರತಿ ಮೂಟೆಗೂ ತೂಕ, ತೇವಾಂಶ, ಚೀಟಿ ಎಂದು ಮೂರು ಕರೆ ಮಾಡಿದರೆ 900 ಕರೆ, 54 ಸೆಕೆಂಡು. ಒಂದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಇದೇ ಪ್ರೋಗ್ರಾಂ ಕ್ಷಣದಲ್ಲಿ ಮುಗಿಸಿತ್ತು! ಆಬ್ಜೆಕ್ಟ್ ಇಲ್ಲೇ ಇದೆ ಎಂಬ ಭ್ರಮೆಯ ಬೆಲೆ ಇದು. ಲೋಡಿನ ಎಲ್ಲ ವಿವರವನ್ನೂ ಒಂದೇ ಪಟ್ಟಿಯಾಗಿ ತರುವ ಕರೆ ಹಳೆಯ ಐಡಿಎಲ್‌ನಲ್ಲೇ ಇನ್ನೊಂದು ಇಂಟರ್‌ಫೇಸಿನಲ್ಲಿ ಇತ್ತು. ಬರೆದ ಪುಣ್ಯಾತ್ಮರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪಟ್ಟಿ ಬಹಳ ದೊಡ್ಡದಾದರೆ ಒಂದು ಸಂದೇಶ 2 ಎಂಬಿ ಮೀರಬಾರದೆಂಬ ಓಮ್ನಿಓಆರ್‌ಬಿಯ ಮೂಲ ಮಿತಿ ಅಡ್ಡ ಬರುತ್ತದೆ, ಬೇಕಾದರೆ ಏರಿಸಬಹುದು. ಮೂಟೆಗಳ ಲೆಕ್ಕಕ್ಕೆ ಅದರ ಹತ್ತಿರವೂ ಹೋಗುವುದಿಲ್ಲ.

ಮೂಡಿಗೆರೆ ಮತ್ತು ‘ಆಗಿರಬಹುದು’

ಮೂರನೆಯ ಕಂಪ್ಯೂಟರ್ ಸೇರಿಸುವುದು ಎರಡನೆಯದರಷ್ಟು ಕಷ್ಟವಲ್ಲ: ಇನ್ನೊಂದು ಹೆಸರು, 10.8.0.3, ಇನ್ನೊಂದು ಪೋರ್ಟ್. ಕಷ್ಟ ಬೇರೆ ಕಡೆಯಿಂದ ಬಂತು. ಮೂಡಿಗೆರೆಯಲ್ಲಿ ಮಳೆ ಹಿಡಿದರೆ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಯುಪಿಎಸ್ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಉಳಿಸಿದರೂ ದಾರಿಯ ನಡುವಿನ ಸಂಪರ್ಕ ಸಾಯುತ್ತದೆ. ಹಾಸನದ ಕ್ಲೈಂಟ್ ಪ್ರಶ್ನೆ ಕಳುಹಿಸಿ ಉತ್ತರಕ್ಕೆ ಕಾಯುತ್ತಾ ಕೂತಿತು. ಕಾಯುತ್ತಲೇ ಇತ್ತು. ಕರೆಗೆ ಇಷ್ಟು ಹೊತ್ತು ಎಂಬ ಗಡುವು ಓಮ್ನಿಓಆರ್‌ಬಿಯಲ್ಲಿ ಮೂಲತಃ ಸೊನ್ನೆ, ಅಂದರೆ ಗಡುವೇ ಇಲ್ಲ. ಇದನ್ನು ಬದಲಾಯಿಸದೆ ಯಾರೂ ಎರಡನೆಯ ಕಂಪ್ಯೂಟರಿನ ತಂಟೆಗೆ ಹೋಗಬಾರದು. ನಾನು 10,000 ಮಿಲಿಸೆಕೆಂಡು ಇಟ್ಟೆ.

ಗಡುವು ಇಟ್ಟ ಮೇಲೆ ಹೊಸ ಪ್ರಶ್ನೆ. ನಿಜವಾಗಿ ಹಣದ ಲೆಕ್ಕವಿರುವುದು ವಿಳಾಸದ ಚೀಟಿಯಲ್ಲಲ್ಲ, ತೂಕದ ಚೀಟಿಯಲ್ಲಿ. ‘ಈ ಮೂಟೆಯನ್ನು ದಾಖಲಿಸು’ ಎಂದು ಹಾಸನದಿಂದ ಕರೆ ಹೋಯಿತು, ನಡುವೆ ತಂತಿ ಸತ್ತಿತು, ದೋಷ ಬಂತು. ಮೂಟೆ ದಾಖಲಾಯಿತೇ, ಇಲ್ಲವೇ? ಕೋರ್ಬಾ ಇದರಲ್ಲಿ ಪ್ರಾಮಾಣಿಕ. ಪ್ರತಿ ದೋಷದ ಜೊತೆಗೂ ಕೆಲಸ ಪೂರ್ತಿಯಾಯಿತೇ ಎಂಬ ಒಂದು ಷರಾ ಬರುತ್ತದೆ. ಅದಕ್ಕೆ ಮೂರು ಬೆಲೆ: ಆಗಿದೆ, ಆಗಿಲ್ಲ, ಆಗಿರಬಹುದು. ‘ಆಗಿಲ್ಲ’ ಎಂದರೆ ಧೈರ್ಯವಾಗಿ ಮತ್ತೆ ಕಳುಹಿಸಬಹುದು. ‘ಆಗಿರಬಹುದು’ ಎಂದರೆ ಪ್ರಶ್ನೆ ಹೊರಟಿದೆ, ಉತ್ತರ ಬಂದಿಲ್ಲ. ಆ ಕಡೆ ಕೆಲಸ ಮುಗಿದು ಉತ್ತರ ಮಾತ್ರ ದಾರಿಯಲ್ಲಿ ಸತ್ತಿರಬಹುದು, ಪ್ರಶ್ನೆಯೇ ತಲುಪದೆ ಇರಬಹುದು. ಎರಡನ್ನೂ ಹಾಸನದಲ್ಲಿ ಕೂತು ಬೇರ್ಪಡಿಸಲು ಯಾವ ಮಿಡಲ್‌ವೇರ್‌ಗೂ ಆಗುವುದಿಲ್ಲ. ಕೋರ್ಬಾ ಬಿಟ್ಟು ಇವತ್ತಿನ ಇನ್ನೇನನ್ನು ತಂದರೂ ಇದು ಹೀಗೆಯೇ. ಮತ್ತೆ ಕಳುಹಿಸಿದರೆ ಒಂದೇ ಮೂಟೆ ಎರಡಾಗಬಹುದು. ಕಳುಹಿಸದಿದ್ದರೆ ಬೆಳೆಗಾರರ 50 ಕಿಲೋ ಕಾಣೆಯಾಗಬಹುದು. ಎರಡಕ್ಕೂ ಜಗಳ ಬರುವುದು ನನ್ನ ಮೇಜಿಗೆ.

ದಾರಿ ತೋರಿಸಿದವರು ಡಿಪೋದ ಗುಮಾಸ್ತರು. ಅವರ ಬಳಿ ಅಚ್ಚಾದ ಸಂಖ್ಯೆಯಿರುವ ಚೀಟಿ ಪುಸ್ತಕವಿದೆ, ಕಾರ್ಬನ್ ಹಾಳೆ ಇಟ್ಟು ಬರೆಯುವಂಥದ್ದು. ಕಂಪ್ಯೂಟರ್ ಬಂದ ಮೇಲೆ ಅದನ್ನು ಬಿಡಿಸಬೇಕೆಂದು ನಾನೇ ವಾದಿಸಿದ್ದೆ. ಈಗ ದಾಖಲಿಸುವ ಪ್ರತಿ ಕರೆಯ ಜೊತೆಗೂ ಆ ಚೀಟಿಯ ಸಂಖ್ಯೆ ಹೋಗುತ್ತದೆ. ಚೀಟಿ ಸಂಖ್ಯೆಯ ಜಾಗ ಐಡಿಎಲ್‌ನಲ್ಲಿ ಮೊದಲಿನಿಂದಲೂ ಇತ್ತು, ನಾವು ಅದನ್ನು ಖಾಲಿ ಬಿಡುತ್ತಿದ್ದೆವು. ಅದೇ ಸಂಖ್ಯೆ ಆಗಲೇ ದಾಖಲಾಗಿದ್ದರೆ ಡಿಪೋದ ದತ್ತಸಂಚಯ ಎರಡನೆಯದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ‘ಆಗಿದೆ’ ಎಂದಷ್ಟೇ ಹೇಳುತ್ತದೆ. ಆದ್ದರಿಂದ ‘ಆಗಿರಬಹುದು’ ಬಂದಾಗ ಕ್ಲೈಂಟ್ ಯೋಚಿಸದೆ ಮತ್ತೆ ಕಳುಹಿಸುತ್ತದೆ.

ಮೊನ್ನೆ ಪರೀಕ್ಷೆಗೆಂದು ಮೂಡಿಗೆರೆಯಲ್ಲಿ ತೂಗುತ್ತಿರುವಾಗಲೇ ರೌಟರಿನ ತಂತಿ ಕೀಳಿಸಿದೆ. ಹಾಸನದಲ್ಲಿ ಹತ್ತು ಸೆಕೆಂಡು ಪರದೆ ಕದಲಲಿಲ್ಲ, ಆಮೇಲೆ ದೋಷ, ಮತ್ತೆ ಯತ್ನ, ಮತ್ತೆ ದೋಷ. ತಂತಿ ಹಾಕಿದ ಮೇಲೆ ಕ್ಲೈಂಟ್ ಹ್ಯಾಂಡ್‌ಪೋಸ್ಟ್‌ಗೆ ಹೋಗಿ ವಿಳಾಸದ ಚೀಟಿ ತಂದು ಬಾಕಿಯಿದ್ದ ಏಳು ಮೂಟೆಗಳನ್ನು ಕಳುಹಿಸಿತು. ಐದು ಹೊಸದಾಗಿ ಸೇರಿದವು, ಎರಡಕ್ಕೆ ‘ಆಗಿದೆ’ ಎಂಬ ಉತ್ತರ ಬಂತು. ಗುಮಾಸ್ತರು ಫೋನಿನಲ್ಲಿ ತಮ್ಮ ಕಾರ್ಬನ್ ಪ್ರತಿಯಿಂದ ಏಳು ಸಂಖ್ಯೆಗಳನ್ನೂ ಓದಿದರು, ನಾನು ಪರದೆಯಲ್ಲಿ ಒಂದೊಂದಾಗಿ ಗುರುತು ಹಾಕಿಕೊಂಡೆ.